ಸಾವಳಗಿಯಲ್ಲೊಂದು ಜೀರ್ಣೋದ್ಧಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಆದರೆ ಇದ್ದ ಮನೆಯನ್ನು, ಅದರೊಳಗಿನ ಒಲೆ ಆರದಂತೆ ನೋಡಿಕೊಂಡು, ಜೀರ್ಣವಾದಷ್ಟನ್ನು ಸರಿಪಡಿಸಿ ಸಾಲದಷ್ಟನ್ನು ಬೆಳೆಸುವ ಕೆಲಸದ ವಿಷಯವಾಗಿ ಗಾದೆ ಮಾಡಿದ ಹಿರಿಯರು ಏನನ್ನೂ ಹೇಳಿದಂತೆ ಕಾಣೆವು. ಪ್ರಾಯಶಃ ಅವರ ಕಾಲದಲ್ಲಿ ಅದು ಹೇಳತಕ್ಕ ಮಾತೇ ಆಗಿರಲಿಲ್ಲ. ವರುಷಕ್ಕೊಮ್ಮೆ ಮಾಳಿಗೆಗೆ ಮಣ್ಣು ಹಾಕುವದು, ಹಬ್ಬ ಬಂದಾಗ ಗೋಡೆಗೆ ಸುಣ್ಣ ಬಳಿಯುವದು, ಮಗನಿಗೆ ಮದುವೆಯಾದರೆ ಒಂದು ಅಂಕಣವನ್ನು ಹಿತ್ತಲಿನತ್ತ ಎಳೆಯುವದು, ಇವೆಲ್ಲ ಮನೆತನದ ನಿತ್ಯಕರ್ಮಗಳಲ್ಲಿ ಸೇರಿದ್ದವು. ಈಗ ಹಳೆಯ ಮನೆಯೆಂದರೆ ಕೆಡವಬೇಕು, ಇಲ್ಲವೆ ಬೀಗ ಹಾಕಬೇಕು ಎಂಬ ಎರಡೇ ದಾರಿಗಳು ಜನರ ಕಣ್ಣಿಗೆ ಬೀಳುತ್ತಿವೆ. ಮೂರನೆಯದೊಂದು ದಾರಿಯಲ್ಲಿ ನಾವು ಒಂಬತ್ತು ತಿಂಗಳು ನಡೆದುದರ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ. ಹಳೆಯ ಮನೆಯುಳ್ಳ ಯಾರಿಗಾದರೂ ಇದರಿಂದ ಕಿಂಚಿತ್ ಪ್ರಯೋಜನವಾದರೆ ಶ್ರಮ ಸಾರ್ಥಕವಾಯಿತು.

ನಮ್ಮ ಊರು ಸಾವಳಗಿ. ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ಉತ್ತರದ ಮಗ್ಗುಲಿಗೆ ಇರುವದು. ಜಮಖಂಡಿಯಿಂದ ಹೊರಟವರು ಚಿಕ್ಕಪಡಸಲಗಿಯ ಹತ್ತಿರ ಹೊಳೆಯನ್ನು ದಾಟಿ ಈ ಕಡೆಗೆ ಬರುವರು. ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಈ ಸೀಮೆಯೆಲ್ಲ ಮೈಸೂರು ರಾಜ್ಯವನ್ನು ಕೂಡಿತು. ೧೯೯೭ರಲ್ಲಿ ವಿಜಯಪುರವನ್ನು ಅಗಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಮೇಲಿನ ಹೆಸರುಗಳು ಹೀಗೆ ಬದಲಾದರೂ ಕೆಳಗಿನ ನೆಲ ಬದಲಾಗಲಿಲ್ಲ. ಅದು ಎರೆಯ ನೆಲ. ಬೇಸಗೆಯಲ್ಲಿ ಕೈಗೋಲು ಇಳಿಯುವಷ್ಟು ಬಿರಿಯುವದು. ಮಳೆ ಬಿದ್ದರೆ ನಾದಿದ ಹಿಟ್ಟಿನಂತೆ ಉಬ್ಬುವದು. ಜೋಳಕ್ಕೆ ಇದು ತಾಯಿ, ಗೋಡೆಗೆ ಮಲತಾಯಿ. ಇಂಥ ನೆಲದ ಮೇಲೆ ಮನೆ ಕಟ್ಟಿ ಮೂರು ನಾಲ್ಕು ತಲೆಮಾರು ನಿಲ್ಲಿಸಿದವರ ಬುದ್ಧಿ ಸಾಮಾನ್ಯವಾದುದಲ್ಲವೆಂಬದು ಅದನ್ನು ಬಿಚ್ಚಿ ನೋಡುವವರೆಗೆ ನಮಗೂ ಪೂರ್ತಿ ತಿಳಿದಿರಲಿಲ್ಲ.

ನಮ್ಮದು ಹನ್ನೆರಡು ಅಂಕಣದ ಮಾಳಿಗೆಯ ಮನೆ. ಎರಡು ಕಂಬಸಾಲುಗಳ ನಡುವಣ ಜಾಗಕ್ಕೆ ಅಂಕಣವೆನ್ನುವರು. ಮನೆಯ ದೊಡ್ಡಸ್ತಿಕೆಯನ್ನು ನಮ್ಮ ಕಡೆಗೆ ಅಂಕಣದಿಂದಲೇ ಅಳೆಯುವ ರೂಢಿ. ತಲೆಬಾಗಿಲು ಮೂಡಣಕ್ಕೆ. ಒಳಗೆ ಕಾಲಿಟ್ಟರೆ ಮೊದಲು ತಗ್ಗಿನಲ್ಲಿ ದನ ಕಟ್ಟುವ ದಂದಕ್ಕಿ, ಅದರ ಗೋದಲಿ, ಅಲ್ಲಿಂದ ಎರಡು ಮೆಟ್ಟಲು ಏರಿದರೆ ಪಡಸಾಲೆ, ಅದರ ಹಿಂದೆ ದೇವರ ಕೋಣೆ, ಅಡಿಗೆಯ ಮನೆ, ಬಚ್ಚಲು, ಅದರಾಚೆಗೆ ಹಿತ್ತಲು. ಗೋಡೆಯ ದಪ್ಪ ಎರಡು ಮೊಳಕ್ಕೆ ಕಡಿಮೆಯಿಲ್ಲ. ಸೊಂಟದವರೆಗೆ ಕೆತ್ತಿದ ಕಲ್ಲು, ಮೇಲೆ ಕಲ್ಲು ಮಣ್ಣು ಕೂಡಿಸಿ ಕಟ್ಟಿದ್ದು. ಕಂಬ, ಬೋದಿಗೆ, ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಒಳಗೆ ಬಿಡದ ಬಿಳಿಯ ಕರಲುಮಣ್ಣಿನ ಹೊದಿಕೆ: ಇದು ಮಾಳಿಗೆಯ ಕ್ರಮ. ಬೆಳಕಿಗೆ ಕಿಟಕಿಗಿಂತ ಬೆಳಕಿಂಡಿಯೇ ಹೆಚ್ಚು. ಹೊರಗೆ ಬಿಸಿಲು ೪೦ ಅಂಶವನ್ನು ಮೀರಿ ಕಾಯುತ್ತಿರುವಾಗ ಈ ಪಡಸಾಲೆಯಲ್ಲಿ ಮಧ್ಯಾಹ್ನದ ನಿದ್ರೆ ಬರುತ್ತದೆಂದರೆ ಅದರ ಗುಣವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಹಾಗಾದರೆ ಜನರು ಇಂಥ ಮನೆಗಳನ್ನು ಏಕೆ ಕೆಡವಿದರು? ಅದಕ್ಕೆ ಕಾರಣಗಳಿವೆ, ಅವು ಕ್ಷುದ್ರವಾದವುಗಳಲ್ಲ. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಹೊಳೆಯ ದಂಡೆಯ ರೈತರು ತಾವೇ ಹಣ ಕೂಡಿಸಿ, ತಾವೇ ಬುಟ್ಟಿ ಹೊತ್ತು ೧೯೮೯ರಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದರ ಹೆಸರು. ನೀರು ನಿಂತಿತು, ಕಬ್ಬು ಬಂದಿತು, ಕಬ್ಬಿನ ಹಿಂದೆ ಕೈಯಲ್ಲಿ ನಾಲ್ಕು ಕಾಸು ಬಂದವು. ಕಾಸು ಬಂದವನು ವರುಷ ವರುಷ ಮಾಳಿಗೆಯೇರಿ ಮಣ್ಣು ತುಳಿಯುವ ಕಷ್ಟವನ್ನು ಏಕೆ ಪಡಬೇಕು? ಸ್ಲ್ಯಾಬು ಹಾಕಿಸಿದರೆ ಮಳೆಗಾಲದಲ್ಲಿ ಸೋರುವ ಕಡೆ ಬೋಗುಣಿ ಇಡುವ ತಾಪತ್ರಯವಿಲ್ಲ. ಅದೂ ಅಲ್ಲದೆ ಮಣ್ಣಿನ ಗೋಡೆಗೆ ನೀರೇ ಮೃತ್ಯು. ೨೦೦೯ರ ಅತಿವೃಷ್ಟಿಯಲ್ಲಿ, ಮತ್ತೆ ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಈ ಸೀಮೆಯ ಹೊಳೆಸಾಲಿನ ಊರುಗಳಲ್ಲಿ ಮಣ್ಣಿನ ಮನೆಗಳು ಒಂದರ ಹಿಂದೊಂದು ಕುಸಿದವು. ಆ ೨೦೧೯ರಲ್ಲಿ ನಮ್ಮ ಬೀಗರ ಮನೆಯ ಹನ್ನೊಂದು ಜನರು ಮಕ್ಕಳುಮರಿಗಳೊಡನೆ ನಮ್ಮ ಪಡಸಾಲೆಗೆ ಬಂದಿಳಿದರು. ಮೂರು ವಾರ ಇದ್ದರು. ಜಾಗ ಸಾಲದೆಂಬ ಮಾತು ಬರಲಿಲ್ಲ. ಆದರೆ ಅವರ ಬಾಯಿಂದ ಗೋಡೆ ಬಿದ್ದ ರೀತಿಯನ್ನು ಕೇಳಿದ ಮೇಲೆ ನಮ್ಮ ಹುಡುಗರು ರಾತ್ರಿ ಮಲಗುವಾಗ ಗೋಡೆಯಿಂದ ದೂರ ಹಾಸಿಕೊಳ್ಳತೊಡಗಿದರು.

ನಾವು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ಊರಿಗೆ ಮರಳಿದಾಗ ಮನೆಯ ಸ್ಥಿತಿ ಹೀಗಿತ್ತು: ಹಿಂದಿನ ಗೋಡೆ ಗೇಣಿನಷ್ಟು ಹೊಟ್ಟೆಬಿಟ್ಟಿತ್ತು, ಪಡಸಾಲೆಯ ನಡುತೊಲೆ ಬಾಗಿತ್ತು, ಅಡಿಗೆಯ ಮನೆ ಇಬ್ಬರು ಹೆಂಗಸರು ಏಕಕಾಲಕ್ಕೆ ತಿರುಗಲಾರದಷ್ಟು ಚಿಕ್ಕದಾಗಿತ್ತು. ಮನೆಯಲ್ಲಿ ನಮ್ಮ ತಮ್ಮನ ಕುಟುಂಬ, ಅವನ ಹಿರಿಯ ಮಗ ಸೊಸೆ ಕೂಸು, ಎಂಬತ್ತು ದಾಟಿದ ನಮ್ಮ ಸೋದರತ್ತೆ, ಈಗ ನಾವು ದಂಪತಿಗಳು. ಮುಂದಿನ ವರುಷ ತಮ್ಮನ ಕಿರಿಯ ಮಗನ ಮದುವೆ ಗೊತ್ತಾಗಿತ್ತು. ಹುಡುಗರ ವಿಚಾರ ಸರಳವಾಗಿತ್ತು: ಎಲ್ಲವನ್ನೂ ನೆಲಸಮ ಮಾಡಿ, ಜಾಗದ ನಡುವೆ ಒಂದು ಗೋಡೆ ಎಬ್ಬಿಸಿ, ಎರಡು ಬಾಗಿಲಿನ ಎರಡು ಸ್ಲ್ಯಾಬಿನ ಮನೆಗಳನ್ನು ಕಟ್ಟುವದು. ಪೇಟೆಯಲ್ಲಿ ನಕಾಶೆಯನ್ನೂ ಬರೆಯಿಸಿ ತಂದಿದ್ದರು. ಇದರಲ್ಲಿ ದುರ್ಬುದ್ಧಿಯೇನೂ ಇರಲಿಲ್ಲ. ಇಕ್ಕಟ್ಟಿನಲ್ಲಿದ್ದವರು ಜಗಳವಾಡುವ ಮೊದಲೇ ಅಗಲುವದು ಲೇಸೆಂಬ ವಿವೇಕವೇ ಇತ್ತು.

ನಕಾಶೆಯನ್ನು ಹಿರಿಯರಿಗೆ ತೋರಿಸಬೇಕೆಂದು ಸೋದರತ್ತೆಯವರ ಮುಂದೆ ಹಾಸಿದರು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಮನೀ ಎಷ್ಟರ ದೊಡ್ಡದ ಮಾಡ್ರಿ, ಬಾಗಲಾ ಎರಡ ಮಾಡಬ್ಯಾಡ್ರಿ. ನನ್ನ ಯಾವ ಬಾಗಲದಿಂದ ಹೊರಗ ಒಯ್ತೀರಿ?" ಎಂದರು. ಹದಿನೇಳನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಆ ತಲೆಬಾಗಿಲಿನಿಂದ ಒಳಗೆ ಬಂದು, ನಮ್ಮನ್ನೆಲ್ಲ ಎತ್ತಿ ಆಡಿಸಿದವರು ಅವರು. ಯಾರೂ ಉತ್ತರ ಕೊಡಲಿಲ್ಲ. ನಕಾಶೆ ಸುರುಳಿಯಾಗಿ ಮಾಡದಲ್ಲಿ ಕುಳಿತಿತು.

ಅಂದಿನಿಂದ ನಮ್ಮ ಮುಂದಿದ್ದ ಪ್ರಶ್ನೆ ಬೇರೆಯಾಯಿತು. ಹಳೆಯದನ್ನು ಉಳಿಸುವದೋ ಹೊಸದನ್ನು ಕಟ್ಟುವದೋ ಎಂಬದಲ್ಲ. ಒಂದೇ ಬಾಗಿಲಿನೊಳಗೆ ಎರಡು ಒಲೆಗಳು ಉರಿಯುವಷ್ಟು ಇಂಬನ್ನು ಹೇಗೆ ಮಾಡುವದು ಎಂಬದು. ಕಲ್ಲು ಸುಣ್ಣಗಳ ಲೆಕ್ಕವೆಲ್ಲ ಇದರ ಹಿಂದಿನಿಂದ ಬಂದಿತು.

ಕಲ್ಲಿಗಿಂತ ಮೊದಲು ಕಾಗದ. ಪಂಚಾಯತಿಯ ಉತಾರೆಯಲ್ಲಿ ಮನೆ ಇನ್ನೂ ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲಿತ್ತು. ಇಂಥ ಮನೆಗೆ ಕೈ ಹಚ್ಚುವ ಮುಂಚೆ ವಾರಸುದಾರರೆಲ್ಲರ ಹೆಸರುಗಳನ್ನು ದಾಖಲು ಮಾಡಿಸುವದು ಒಳ್ಳೆಯದು. ಹಿಂದೂ ಉತ್ತರಾಧಿಕಾರದ ಕಾಯಿದೆಗೆ ೨೦೦೫ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕುಂಟು. ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ಕೇಳದೆ ಗೋಡೆ ಎಬ್ಬಿಸಿ, ಆಮೇಲೆ ಕಚೇರಿಯ ಕಟ್ಟೆಯನ್ನು ಸವೆಸುವದನ್ನು ಕಂಡಿದ್ದೇವೆ. ಮಿರಜಿನಲ್ಲಿರುವ ತಂಗಿಯನ್ನು ಕರೆಸಿದೆವು. ಅವಳು ಹೇಳಿದುದು ಇಷ್ಟೆ: ನನ್ನ ಹೆಸರು ಕಾಗದದಲ್ಲಿರಲಿ, ಪಂಚಮಿಗೆ ಬಂದರೆ ಇಳಿಯಲು ಒಂದು ಕೋಣೆಯಿರಲಿ, ನಡುತೊಲೆಯ ಜೋಕಾಲಿಯ ಕಡಿಗಳನ್ನು ಕೀಳಬೇಡಿರಿ. ಮೂರನ್ನೂ ಒಪ್ಪಿದೆವು. ಮೂರನೆಯದನ್ನು ನಡೆಸಿಕೊಡುವದು ಮೊದಲಿನ ಎರಡಕ್ಕಿಂತ ಕಷ್ಟವಾಗುವದೆಂದು ಆಗ ಯಾರೂ ಎಣಿಸಿರಲಿಲ್ಲ.

ದೀಪಾವಳಿಯ ಮೇಲೆ ನೆರೆಯೂರಿನ ಹಿರಿಯ ಗೌಂಡಿಯೊಬ್ಬರನ್ನು ಕರೆದೆವು. ಮಣ್ಣಿನ ಕೆಲಸ ಬಲ್ಲವರು ಈಗ ವಿರಳ. ಅವರು ನೂಲುಗುಂಡು ಬಿಟ್ಟು, ಗೋಡೆಯನ್ನು ಕೀಲಿಯಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟು, ಮಾಳಿಗೆಯೇರಿ ಹಾರೆಯಿಂದ ಒಂದು ಕಡೆ ತೋಡಿ ನೋಡಿದರು. ಇಳಿದು ಬಂದು, "ಮಾಸ್ತರ, ನಿಮ್ಮ ಗ್ವಾಡಿ ಕೆಟ್ಟಿಲ್ರಿ. ಮಾಳಗಿ ಭಾರಕ್ಕ ಸೋತೈತಿ" ಎಂದರು. ವರುಷಕ್ಕೊಂದು ಪದರದಂತೆ ಹಾಕಿದ ಮಣ್ಣನ್ನು ಯಾರೂ ತೆಗೆದಿರಲಿಲ್ಲ, ಹಾಕುತ್ತಲೇ ಬಂದಿದ್ದರು. ಒಂದೂವರೆ ಅಡಿ ದಪ್ಪದ ಮಣ್ಣು ಹತ್ತಡಿ ಉದ್ದ ಹತ್ತಡಿ ಅಗಲದ ಜಾಗದಲ್ಲಿ ಆರೇಳು ಟನ್ನು ತೂಗುವದು. ಮಳೆ ನೆನೆದರೆ ಇನ್ನೂ ಹೆಚ್ಚು. ತೊಲೆ ಬಾಗಿ, ಅದರ ತುದಿ ಹಿಂದಿನ ಗೋಡೆಯನ್ನು ಹೊರಗೆ ನೂಕುತ್ತಿತ್ತು. ವೈದ್ಯರಲ್ಲಿ ಎಂತೋ ಮನೆಯ ವಿಷಯದಲ್ಲಿಯೂ ಅಂತೆಯೇ: ನೋವು ಕಂಡಲ್ಲಿ ರೋಗವಿರುವದೆಂಬ ನಿಯಮವಿಲ್ಲ. ಗೋಡೆಯನ್ನು ನೋಡಿ ಮನೆಯನ್ನು ಕೆಡವಹೊರಟವರು ಮೊದಲು ಮಾಳಿಗೆಯನ್ನು ಏರಿ ನೋಡಬೇಕು.

ಸಂಸ್ಕೃತದ ಶಿಲ್ಪಗ್ರಂಥವಾದ ಮಯಮತದಲ್ಲಿ ಅನುಕರ್ಮವಿಧಾನವೆಂಬ ಅಧ್ಯಾಯವೊಂದುಂಟು. ಜೀರ್ಣವಾದುದನ್ನು ಸರಿಪಡಿಸುವ ಕ್ರಮ ಅದರ ವಿಷಯ. ಆ ಶಬ್ದ ನಮಗೆ ಬಹಳ ಮೆಚ್ಚುಗೆಯಾಗಿದೆ. ಅನು ಎಂದರೆ ಹಿಂಬಾಲಿಸಿ. ಮೊದಲು ಮಾಡಿದವನು ಹೇಗೆ ಮಾಡಿದನೆಂದು ತಿಳಿದು, ಅವನ ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ಮಾಡುವ ಕೆಲಸ ಅನುಕರ್ಮ. ಹಿಂದಿನವನಿಗೆ ಬುದ್ಧಿಯಿತ್ತೆಂದು ನಂಬಿದವನಿಗೆ ಮಾತ್ರ ಅದು ಸಾಧ್ಯ.

ಈ ನಂಬಿಗೆಯಿಂದಲೇ ಗೋಡೆಗಳ ಮೇಲಿನ ಸಿಮೆಂಟಿನ ಗಿಲಾವನ್ನು ಮೊದಲು ಉದುರಿಸಿದೆವು. ಹಿಂದೆ ಯಾವಾಗಲೋ ಗೋಡೆ ಚೆಂದ ಕಾಣಲೆಂದು ಹಚ್ಚಿಸಿದ್ದು ಅದು. ಸುಣ್ಣವೂ ಸಿಮೆಂಟೂ ಒಂದೇ ಕಲ್ಲಿನ ಮಕ್ಕಳು; ಬಾಗಲಕೋಟೆ ಲೋಕಾಪುರಗಳ ನೆಲದಲ್ಲಿ ಆ ಸುಣ್ಣದ ಕಲ್ಲು ಹೇರಳವಾಗಿದ್ದು, ಅದನ್ನು ನಂಬಿ ಸಿಮೆಂಟಿನ ಕಾರಖಾನೆಗಳು ಹುಟ್ಟಿಕೊಂಡಿವೆ. ಆದರೆ ಇಬ್ಬರ ಸ್ವಭಾವ ಬೇರೆ. ಸಿಮೆಂಟು ನೀರು ಕೂಡಿದೊಡನೆ ಅವಸರದಿಂದ ಗಟ್ಟಿಯಾಗುವದು. ಸುಣ್ಣವು ಗಾಳಿಯೊಳಗಿನ ಅಂಗಾರಾಮ್ಲವನ್ನು ಹೀರಿ ತಿಂಗಳುಗಟ್ಟಲೆ, ವರುಷಗಟ್ಟಲೆ ಮೆಲ್ಲನೆ ಕಲ್ಲಾಗುವದು. ಮಣ್ಣಿನ ಗೋಡೆ ನೆಲದ ತೇವವನ್ನು ಏರಿಸಿಕೊಂಡು ಮೈಯಿಂದ ಹೊರಗೆ ಬಿಡುತ್ತಿರುತ್ತದೆ. ಸುಣ್ಣದ ಗಚ್ಚು ಅದನ್ನು ಬಿಡಗೊಡುವದು, ಸಿಮೆಂಟು ತಡೆಯುವದು. ತಡೆದ ತೇವ ಒಳಗೇ ನಿಂತು ಮಣ್ಣನ್ನು ಕರಗಿಸುವದು. ಗಿಲಾವು ಕಿತ್ತಾಗ ಅದರ ಹಿಂದಿನ ಮಣ್ಣು ಅಕ್ಕಿಯ ನುಚ್ಚಿನಂತೆ ಸುರಿಯಿತು. ಆದುದರಿಂದ ಸುಟ್ಟ ಸುಣ್ಣವನ್ನು ತರಿಸಿ, ಕುಣಿಯಲ್ಲಿ ಹದಿನೈದು ದಿನ ಅರಳಿಸಿ, ಉಸುಕು ಬೆರಸಿ ಅರೆಸಿ, ಅಳಲೆಕಾಯಿಯ ಕಷಾಯವನ್ನೂ ಮಹಾಲಿಂಗಪುರದ ಬೆಲ್ಲದ ನೀರನ್ನೂ ಕೂಡಿಸಿ ಗೋಡೆಗೆ ಹಚ್ಚಿಸಿದೆವು. ಸಿಮೆಂಟನ್ನು ದೂರ ಮಾಡಿದೆವೆಂದಲ್ಲ. ಬಚ್ಚಲಿಗೆ, ಹೊಸ ಅಡಿಗೆಯ ಮನೆಯ ಮೇಲ್ಛಾವಣಿಗೆ ಅದನ್ನೇ ಬಳಸಿದೆವು. ಬಿಸಿಲನ್ನು ಹಿಂದಕ್ಕೆ ನೂಕಲು ಆ ಸ್ಲ್ಯಾಬಿನ ಮೇಲೆ ದಪ್ಪನಾಗಿ ಬಿಳಿಸುಣ್ಣ ಬಳಿಸಿದೆವು. ನೀರಿರುವಲ್ಲಿ ಸಿಮೆಂಟು, ಮಣ್ಣಿರುವಲ್ಲಿ ಸುಣ್ಣ. ಇಷ್ಟನ್ನು ನೆನಪಿಟ್ಟರೆ ಸಾಕು.

ಇನ್ನು ಬೆಳೆಸುವ ಕೆಲಸ. ಇದ್ದ ಮನೆಯನ್ನು ಬೆಳೆಸುವದರಲ್ಲಿ ನಮ್ಮ ಸೀಮೆಯ ನೇಕಾರರಷ್ಟು ಪಳಗಿದವರಿಲ್ಲವೆಂದು ಕೇಳಿ ರಬಕವಿ ಬನಹಟ್ಟಿಗೆ ಹೋದೆವು. ಅಲ್ಲಿಯ ಹಳೆಯ ಮನೆಗಳಲ್ಲಿ ಪಡಸಾಲೆಯೇ ಕಾರಖಾನೆ. ನೆಲದಲ್ಲಿ ಕುಣಿ ತೋಡಿ ಕಾಲು ಇಳಿಬಿಟ್ಟು ಕುಳಿತು ನೇಯುವ ಕುಣಿಮಗ್ಗಕ್ಕೆ ಮಣ್ಣಿನ ನೆಲದ ತಂಪು ಹಿತವಾದುದು. ನೂಲು ಒಣಗಿ ಹರಿಯುವದಿಲ್ಲ. ವಿದ್ಯುತ್ತಿನ ಮಗ್ಗಗಳು ಬಂದ ಮೇಲೆ ಮನೆಗಳು ಹಿಂದಕ್ಕೆ ಬೆಳೆದವು. ಒಬ್ಬ ವೃದ್ಧ ನೇಕಾರರು ತಮ್ಮ ಹೊಸ ಮಗ್ಗದ ಮನೆಯನ್ನು ತೋರಿಸಿದರು. ಅದು ಹಳೆಯ ಗೋಡೆಗೆ ಹತ್ತಿಕೊಂಡೇ ಇರುವಂತೆ ಕಂಡರೂ ಹತ್ತಿರಲಿಲ್ಲ. ನಡುವೆ ಎರಡು ಬೆರಳಿನ ಸಂದಿ. ಮಗ್ಗದ ಬಡಿತ ಹಳೆಯ ಗೋಡೆಗೆ ತಗಲಬಾರದೆಂದು ಹಾಗೆ ಮಾಡಿದ್ದಾಗಿ ಹೇಳಿದರು. "ಹತ್ತರ ಇರಬೇಕ್ರಿ, ಹತ್ತಿರಬಾರದು" ಎಂದು ನಕ್ಕರು.

ಊರಿಗೆ ಬಂದು ಹೇಳಿದಾಗ ಗೌಂಡಿಯವರು ತಲೆಯಾಡಿಸಿದರು. ಎರೆಯ ನೆಲದಲ್ಲಿ ಹೊಸ ಗೋಡೆ ಮೊದಲ ಎರಡು ಮೂರು ಮಳೆಗಾಲಗಳಲ್ಲಿ ಸ್ವಲ್ಪ ಕೂಡುವದು. ಹಳೆಯದು ಎಂದೋ ಕೂತು ಸ್ಥಿರವಾದದ್ದು. ಎರಡನ್ನೂ ಬಿಗಿದು ಹೆಣೆದರೆ ಇಳಿಯುವದು ನಿಂತದ್ದನ್ನು ಸೀಳುವದು. ಸಂದಿ ಬಿಟ್ಟು, ಮೇಲೆ ಮಾತ್ರ ಮಳೆನೀರು ಇಳಿಯದಂತೆ ಪಟ್ಟಿ ಹೊದಿಸಬೇಕು. ಈ ಉಪಾಯಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಪ್ರಾಚೀನ ನಿದರ್ಶನವುಂಟು. ಐಹೊಳೆಯ ಲಾಡಖಾನ ಗುಡಿಯ ಇಳಿಜಾರಿನ ಮಾಡಿನಲ್ಲಿ ಎರಡು ಹಾಸುಗಲ್ಲುಗಳ ನಡುವಣ ಸಂದಿಯನ್ನು ಉದ್ದನೆಯ ಕಲ್ಲಿನ ಪಟ್ಟಿಗಳಿಂದ ಮುಚ್ಚಿರುವರು. ಅದರಲ್ಲಿ ವಾಸವಾಗಿದ್ದ ಒಬ್ಬ ಗೃಹಸ್ಥನ ಹೆಸರೇ ಆ ದೇವಾಲಯಕ್ಕೆ ನಿಂತಿತೆಂಬದನ್ನು ನೆನೆದರೆ, ಕಟ್ಟಡಕ್ಕೆ ಕಟ್ಟಿದವರಿಗಿಂತ ಬಾಳಿದವರ ಗುರುತೇ ಗಟ್ಟಿಯೆನ್ನಬೇಕಾಗುವದು.

ಯಾವ ದಿಕ್ಕಿಗೆ ಬೆಳೆಸಬೇಕು ಎಂಬಲ್ಲಿ ಚರ್ಚೆ ಎದ್ದಿತು. ಪೇಟೆಯಿಂದ ಬಂದ ಒಬ್ಬ ವಾಸ್ತುಪಂಡಿತರು ತಲೆಬಾಗಿಲನ್ನು ಮುಚ್ಚಿ ಬೇರೆ ಕಡೆ ತೆರೆಯಬೇಕೆಂದರು. ನಾವು ಒಳಗೆ ಹೋಗಿ ವರಾಹಮಿಹಿರನ ಬೃಹತ್ಸಂಹಿತೆಯನ್ನು ತಂದೆವು. ಆರನೆಯ ಶತಮಾನದ ಆ ಪಂಡಿತನು ಗೃಹವೃದ್ಧಿಯ ವಿಷಯವನ್ನೂ ಬಿಟ್ಟಿಲ್ಲ: ಮನೆಯನ್ನು ಬೆಳೆಸುವದಾದರೆ ಸುತ್ತಲೂ ಸಮನಾಗಿ ಬೆಳೆಸಬೇಕು; ಒಂದೇ ಕಡೆ ಬೆಳೆಸುವದು ದೋಷ; ಹಾಗೆ ಮಾಡಲೇಬೇಕಾದರೆ ಮೂಡಣಕ್ಕಾಗಲಿ ಬಡಗಣಕ್ಕಾಗಲಿ ಮಾಡಬಹುದು ಎಂದು ಅವನ ಮತ. ನಮಗೆ ಮೂಡಣಕ್ಕೆ ಬೀದಿ, ತೆಂಕಣಕ್ಕೆ ನೆರೆಮನೆ. ಉಳಿದದ್ದು ಬಡಗಣದ ಹಿತ್ತಲು. ಶಾಸ್ತ್ರವೂ ಜಾಗವೂ ಒಂದೇ ಮಾತು ಹೇಳಿದವು. ಆದರೆ ಮುಂದಿನ ಶ್ಲೋಕದಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಫಲವನ್ನು ಹೇಳುತ್ತ ಬಡಗಣದ ವೃದ್ಧಿಗೆ ಮನಸ್ತಾಪವೆಂದಿದ್ದಾನೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಮನಸ್ಸಿನ ಬೇಗೆಯೆಂದಷ್ಟೇ ಅರ್ಥ. ಕನ್ನಡಿಗರು ಅದನ್ನು ಅಣ್ಣತಮ್ಮಂದಿರು ಮಾತು ಬಿಡುವದಕ್ಕೆ ಬಳಸುತ್ತಾರೆ. ಎರಡೂ ಅರ್ಥಗಳು ನಮ್ಮ ಮನೆಯಲ್ಲಿ ಫಲಿಸಿದವು.

ಸಂಗತಿಯಿಷ್ಟು: ಹಿತ್ತಲಿನ ಬಡಗಣ ಭಾಗದಲ್ಲಿ ಹಳೆಯ ಹಗೇವು ಇತ್ತು. ಜೋಳವನ್ನು ನೆಲದೊಳಗೆ ತುಂಬಿಡುವ ಈ ಕುಣಿಗಳನ್ನು ಈಗಿನ ಮಕ್ಕಳು ಅರಿಯರು. ಅದನ್ನು ಮುಚ್ಚದೆ ಅದರ ಮೇಲೆ ಪಾಯ ಹಾಕುವಂತಿರಲಿಲ್ಲ. ನಮ್ಮ ತಮ್ಮ ಒಪ್ಪಲೊಲ್ಲ. ೧೯೭೨ರ ಬರದಲ್ಲಿ ಆ ಹಗೇವು ತೆಗೆದು ಮನೆಯವರಿಗಲ್ಲದೆ ಓಣಿಯವರಿಗೂ ತಂದೆಯವರು ಜೋಳ ಅಳೆದುಕೊಟ್ಟದ್ದನ್ನು ನಾವಿಬ್ಬರೂ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವರು. ಒಲೆಗೆ ಜಾಗ ಮಾಡಲು ಅನ್ನ ಕೊಟ್ಟ ಕುಣಿಯನ್ನು ಹೂಳುವದೇ ಎಂದು ಅವನು ಎಂಟು ದಿನ ನಮ್ಮೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಸೋದರತ್ತೆಯವರು ಅವನನ್ನು ಕರೆದು, ಅದು ಇಪ್ಪತ್ತು ವರುಷದಿಂದ ಬರಿದಾಗಿದೆ, ಬರಿಯ ಕುಣಿಗೆ ಯಾತರ ಮರ್ಯಾದೆ, ಅದರ ಮೇಲೆ ನಿನ್ನ ಸೊಸೆ ಅಡಿಗೆ ಮಾಡಿದರೆ ಅದೇ ಮರ್ಯಾದೆ ಎಂದರು. ಆಮೇಲೆ ಬಾಯಿಕಲ್ಲು ತೆಗೆಯಲು ಅವನೇ ಹಾರೆ ಹಿಡಿದ. ಹಗೇವು ತೆಗೆದೊಡನೆ ಯಾರೂ ಇಳಿಯಬಾರದೆಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಮುಚ್ಚಿದ ಕುಣಿಯಲ್ಲಿ ವಿಷವಾಯು ಕೂಡಿರುತ್ತದೆ. ಹೀಗೆ ಇಳಿದು ಪ್ರಾಣ ಕಳೆದುಕೊಂಡವರುಂಟು. ಒಂದು ದಿನ ಬಾಯಿ ತೆರೆದಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು ಅದು ನಂದುವದಿಲ್ಲವೆಂದು ಕಂಡ ಮೇಲೆ ನಾವು ಕೆಲಸ ಮಾಡಿಸಿದೆವು. ತಳದಿಂದ ಕಲ್ಲು ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿಸಿದೆವು. ಪಾಯವನ್ನು ಎರೆಮಣ್ಣು ಮುಗಿದು ಗರಸು ಹತ್ತುವವರೆಗೆ ಇಳಿಸಿದೆವು. ಅದು ಒಂಬತ್ತಡಿಗೆ ಸಿಕ್ಕಿತು. ನಡುವೆ ನಿಲ್ಲಿಸಿದ್ದರೆ ಹಣ ಉಳಿಯುತ್ತಿತ್ತು, ಗೋಡೆ ಉಳಿಯುತ್ತಿರಲಿಲ್ಲ.

ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿಯ ಜಾತ್ರೆಗೆ ಹೋದೆವು. ಉತ್ತರ ಕರ್ನಾಟಕದಲ್ಲಿ ಮನೆ ಕಟ್ಟುವವರು ಬಾಗಿಲು ಚೌಕಟ್ಟುಗಳನ್ನು ಆ ಜಾತ್ರೆಯಲ್ಲಿ ಕೊಳ್ಳುವದು ಬಹು ಕಾಲದ ರೂಢಿ. ಕಟ್ಟಿಗೆಯ ಅಂಗಡಿಗಳ ಸಾಲಿನಲ್ಲಿ ಒಳಬಾಗಿಲಿಗೆಂದು ಎರಡು ಚೌಕಟ್ಟುಗಳನ್ನು ಗೊತ್ತು ಮಾಡುತ್ತಿದ್ದಾಗ ಬೀಳಗಿ ತಾಲೂಕಿನ ಒಬ್ಬ ಹಿರಿಯ ರೈತರ ಪರಿಚಯವಾಯಿತು. ಅವರದು ಮುಳುಗಡೆಯ ಊರು. ಆಲಮಟ್ಟಿಯ ಜಲಾಶಯದಲ್ಲಿ ೫೧೯.೬ ಮೀಟರಿನವರೆಗೆ ನೀರು ನಿಂತಾಗ ಬಾಗಲಕೋಟೆ ಪಟ್ಟಣದ ಭಾಗಗಳೂ ಬೀಳಗಿ ಸೀಮೆಯ ಹಳ್ಳಿಗಳೂ ನೀರಿನಡಿಗೆ ಸೇರಿದವಷ್ಟೆ. ಅವರು ಊರು ಬಿಡುವಾಗ ತಲೆಬಾಗಿಲಿನ ಚೌಕಟ್ಟನ್ನು ಕಿತ್ತು ಬಂಡಿಯಲ್ಲಿ ಹೇರಿಕೊಂಡು ಪುನರ್ವಸತಿಯ ಊರಿಗೆ ಒಯ್ದರಂತೆ. ಹೊಸ ಗೋಡೆ ಒಂಬತ್ತಿಂಚಿನದು, ಚೌಕಟ್ಟು ಹದಿನೆಂಟಿಂಚಿನದು, ಹೊಂದಲಿಲ್ಲ. ಬಹಳ ದಿನ ಅದು ಅಂಗಳದಲ್ಲಿ ಗೋಡೆಗೆ ಒರಗಿ ನಿಂತಿತ್ತಂತೆ. ನಮ್ಮ ಮನೆಯ ಸುದ್ದಿ ಕೇಳಿ, "ನಿಮ್ಮ ಬಾಗಲಾ ಅದರ ಗ್ವಾಡ್ಯಾಗs ಐತೆಲ್ರಿ, ಅಷ್ಟ ಸಾಕು" ಎಂದರು. ಹುಡುಗರೂ ನಮ್ಮ ಜೊತೆಗಿದ್ದರು. ಅಲ್ಲಿಂದ ಮರಳುವಾಗ ಬಂಡಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ತಲೆಬಾಗಿಲಿನ ವಿಷಯ ಮತ್ತೆ ಚರ್ಚೆಗೆ ಬರಲಿಲ್ಲ.

ಉಳಿದ ಕೆಲಸ ಬೇಸಗೆಯಲ್ಲಿ ನಡೆಯಿತು. ಮಾಳಿಗೆಯನ್ನು ಅಂಕಣ ಅಂಕಣವಾಗಿ ತೆರೆದೆವು. ಒಂದು ಅಂಕಣ ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುವದು. ಇದರಿಂದ ಮನೆಯವರು ಒಂದು ರಾತ್ರಿಯೂ ಹೊರಗೆ ಮಲಗಬೇಕಾಗಲಿಲ್ಲ. ಹಳೆಯ ಮಣ್ಣನ್ನು ಹೊಲಕ್ಕೆ ಸಾಗಿಸಿದೆವು. ಜಂತಿಗಳಲ್ಲಿ ಮೂರರಲ್ಲೊಂದು ಗೆದ್ದಲಿಗೆ ತುತ್ತಾಗಿದ್ದವು, ಅಷ್ಟನ್ನೇ ಬದಲಿಸಿದೆವು. ಬಾಗಿದ ನಡುತೊಲೆಯನ್ನು ತೆಗೆದು ಬೇರೆ ಹಾಕುವದು ಸುಲಭವಾಗಿತ್ತು. ಆದರೆ ತಂಗಿಗೆ ಕೊಟ್ಟ ಮಾತಿತ್ತು. ಜೋಕಾಲಿಯ ಕಡಿಗಳು ಆ ತೊಲೆಯಲ್ಲಿಯೇ ಇದ್ದವು. ಬಡಿಗರು ಭಾರವನ್ನು ಇಳಿಸಿದ ಮೇಲೆ ಎರಡು ತಿಂಗಳು ಅದಕ್ಕೆ ಆನಿಕೆ ಕೊಟ್ಟು, ದಿನಕ್ಕಿಷ್ಟು ಬೆಣೆ ಬಡಿದು ಮೇಲಕ್ಕೆತ್ತಿ, ಎರಡೂ ಮಗ್ಗುಲಿಗೆ ಸಾಗವಾನಿಯ ಹಲಗೆ ಬಿಗಿದು ನಿಲ್ಲಿಸಿದರು. ಹೊಸ ಮಣ್ಣನ್ನು ಆರಿಂಚಿಗಿಂತ ಹೆಚ್ಚು ಹಾಕಲಿಲ್ಲ. ಅದರ ಮೇಲೆ ಸುಣ್ಣದ ಗಚ್ಚನ್ನು ಬಡಿಸಿ, ಮಳೆನೀರು ದೋಣಿಗೆ ಹರಿಯುವಂತೆ ಇಳಿಜಾರು ಕೊಟ್ಟೆವು. ದಂದಕ್ಕಿಯಲ್ಲಿ ಈಗ ಒಂದೇ ಆಕಳು. ಅದನ್ನು ಹಿತ್ತಲಿನ ಹೊಸ ಕೊಟ್ಟಿಗೆಗೆ ಕಳಿಸಿ, ತಗ್ಗನ್ನು ಗರಸಿನಿಂದ ಎತ್ತರಿಸಿ ಎರಡು ಕೋಣೆಗಳನ್ನು ಮಾಡಿದೆವು. ಬಡಗಣಕ್ಕೆ ಒಂದು ಅಡಿಗೆಯ ಮನೆ, ಒಂದು ಕೋಣೆ, ಒಂದು ಬಚ್ಚಲು. ಹನ್ನೆರಡು ಅಂಕಣದ ಮನೆ ಹದಿನೈದು ಅಂಕಣದ್ದಾಯಿತು. ಆದರೆ ಬೀದಿಯಲ್ಲಿ ನಿಂತು ನೋಡಿದವರಿಗೆ ಏನೂ ಬದಲಾದಂತೆ ತೋರದು.

ಖರ್ಚಿನ ವಿಷಯವನ್ನು ಗೃಹಸ್ಥರು ಕೇಳಿಯೇ ಕೇಳುವರು. ಇಂಥ ಕೆಲಸದಲ್ಲಿ ಸಾಮಾನಿಗಿಂತ ಕೂಲಿಗೆ ಹೆಚ್ಚು ಹಣ ಹೋಗುವದು. ಕಲ್ಲು ಮಣ್ಣು ಕಟ್ಟಿಗೆಗಳ ಬಹುಪಾಲು ಮನೆಯಲ್ಲಿಯೇ ಇರುವವು. ಬೇಕಾದದ್ದು ಬಲ್ಲ ಕೈ. ಹೊಸದಾಗಿ ಎರಡು ಮನೆ ಕಟ್ಟುವದಕ್ಕಿಂತ ನಮಗೆ ಕಡಿಮೆಯೇ ಬಿದ್ದಿತು, ಕಾಲ ಮಾತ್ರ ಹೆಚ್ಚು ಹಿಡಿಯಿತು. ಮನೆಗೆ ಕೈ ಹಚ್ಚುವವರಿಗೆ ಮೂರು ಸೂಚನೆಗಳು: ಮೊದಲು ಮಾಳಿಗೆಯ ಭಾರ ಇಳಿಸಿರಿ, ಆಮೇಲೆ ಗೋಡೆಯನ್ನು ನಿರ್ಣಯಿಸಿರಿ. ಹೊಸ ಪಾಯವನ್ನು ಗಟ್ಟಿನೆಲ ಸಿಗುವವರೆಗೆ ಇಳಿಸಿರಿ, ಹಳೆಯ ಗೋಡೆಗೆ ಬಿಗಿಯಬೇಡಿರಿ. ಮೃಗಶಿರಾ ಮಳೆಗೆ ಹದಿನೈದು ದಿನ ಮುಂಚೆ ಮೇಲಿನ ಕೆಲಸ ಮುಗಿಯುವಂತೆ ಲೆಕ್ಕ ಹಾಕಿರಿ.

ಮನೆ ಒಂದೇ ಬಾಗಿಲಿನದಾಗಿ ಉಳಿಯಿತೆಂದ ಮಾತ್ರಕ್ಕೆ ಮನಸ್ಸುಗಳು ಸದಾ ಒಂದಾಗಿಯೇ ಇರುವವೆಂದು ನಾವು ಹೇಳಲಾರೆವು. ಹುಡುಗರು ಮುಂದೆ ಬೇರೆಯಾಗಲೂಬಹುದು. ಬೇರೆಯಾದರೂ ಇಬ್ಬರಿಗೂ ಒಲೆಯಿದೆ, ಇಬ್ಬರಿಗೂ ಪಡಸಾಲೆಯಿದೆ. ಯಾರೂ ಯಾರ ಗೋಡೆಯನ್ನೂ ಒಡೆಯಬೇಕಾಗಿಲ್ಲ. ಹಿರಿಯರು ಮಾಡಿಡಬಹುದಾದ ವ್ಯವಸ್ಥೆ ಅಷ್ಟೇ.

ಶ್ರಾವಣದಲ್ಲಿ ತಂಗಿ ಮಿರಜಿನಿಂದ ಬಂದಳು. ಪಂಚಮಿಯ ದಿನ ನಡುತೊಲೆಗೆ ಹಗ್ಗ ಕಟ್ಟಿ, ಗೌಂಡಿಯವರೂ ಬಡಿಗರೂ ತಾವೇ ಮೊದಲು ಕುಳಿತು ಜೀಕಿ ನೋಡಿದರು. ತೊಲೆ ಕಿರ್ರೆನ್ನಲಿಲ್ಲ. ಆಮೇಲೆ ಹೆಣ್ಣುಮಕ್ಕಳ ಸರದಿ. ಕೊನೆಗೆ ತಮ್ಮನ ಸೊಸೆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಸೋದರತ್ತೆಯವರು ಕಂಬಕ್ಕೆ ಆನಿಸಿ ಕುಳಿತು ಕಾಲಿನಿಂದ ಮೆಲ್ಲಗೆ ತೂಗಿದರು. ಹೊರಗೆ ಮಳೆ ಹಿಡಿದಿತ್ತು. ನಾವೂ ತಮ್ಮನೂ ಸೋರುವ ಕಡೆ ಇಡಲೆಂದು ಬೋಗುಣಿ ಹಿಡಿದುಕೊಂಡು ಅಂಕಣ ಅಂಕಣ ತಿರುಗಿದೆವು. ಇಡುವ ಪ್ರಸಂಗ ಒಂದೇ ಕಡೆ ಬಂದಿತು, ಬೆಳಕಿಂಡಿಯ ಕೆಳಗೆ. ಅದರ ಮುಚ್ಚಳವನ್ನು ಬರುವ ಬೇಸಗೆಯಲ್ಲಿ ಸರಿಪಡಿಸಬೇಕು.